ಗಂಟೆಂದ ಮಾತ್ರಕ್ಕೆ ಗಂಡಾಂತರವಲ್ಲ



ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯ ಬಳಿ, ಲಾರಿಯವರಿಗಾಗಿ ರಾತ್ರಿಯೂ ಒಲೆ ಆರದ ಹೋಟೆಲಿನಲ್ಲಿ ಪಾತ್ರೆ ತೊಳೆದು ಬೆಳೆದವನು ನಾನು. ಊರಿಗೆಲ್ಲ ಉಣಿಸುವ ನಮಗೆ ಊಟ ಸಿಗುವುದು ಗಿರಾಕಿ ಎದ್ದ ಮೇಲೆ. ಹೊಟ್ಟೆ ಉರಿದರೆ ಸೋಡಾ ಪುಡಿ, ಮತ್ತೆ ಕೆಲಸ. ರಾತ್ರಿ ಪಾಳಿಯ ಗಿರಣಿ ಬಂಧುಗಳಿಗೂ ಇದು ಹೊಸತಲ್ಲ.

ನಮ್ಮ ಕೋಣೆಯ ತಮ್ಮನೊಬ್ಬನಿಗೆ ಬಾಯಿಯಿಂದ ದುರ್ಬೀನು ಬಿಟ್ಟು ನೋಡಿ, ಜಠರದಲ್ಲಿ ‘ಪಾಲಿಪ್’ ಎಂಬ ಗಂಟಿದೆ ಎಂದರು. ಕ್ಯಾನ್ಸರೇ ಎಂದು ಹೆದರಿ, ಲೆಕ್ಕ ಚುಕ್ತಾ ಮಾಡಿಸಿ, ವರದಿಗೂ ಕಾಯದೆ ಊರಿಗೆ ಹೋದ. ವರದಿ ನಾನು ತಂದೆ. ನಿರುಪದ್ರವಿ ಗಂಟು! ಅದೇ ಕೋಣೆಯ ಅಡಿಗೆಯ ಅಣ್ಣನವರು ಒಂದು ದಿನದ ಸಂಬಳ ಹೋಗುತ್ತದೆಂದು ವರ್ಷವಿಡೀ ಪುಡಿ ನುಂಗಿದರು. ತೂಕ ಇಳಿಯಿತು, ಮಲ ಕಪ್ಪಾಯಿತು. ತೋರಿಸುವ ಹೊತ್ತಿಗೆ ಕ್ಯಾನ್ಸರ್ ಹಬ್ಬಿತ್ತು. ಅವರು ಉಳಿಯಲಿಲ್ಲ.

ಡಾಕ್ಟರರಿಂದ ಕೇಳಿ ತಿಳಿದದ್ದು ಇಷ್ಟು. ಜಠರದ ಒಳಪದರದಲ್ಲಿ ಏಳುವ ಪಾಲಿಪ್‌ಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ‘ಅಡಿನೋಮಾ’ ಎಂಬ ಜಾತಿಯದು ಮುಂದೆ ಕ್ಯಾನ್ಸರ್ ಆಗಬಹುದು, ಅದನ್ನು ತೆಗೆಸಬೇಕು. ಮೊದಲ ಹಂತದ ಕ್ಯಾನ್ಸರೂ ಕೆಲವೊಮ್ಮೆ ಪಾಲಿಪ್‌ನಂತೆಯೇ ಕಾಣುತ್ತದೆ. ಆದ್ದರಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಯಾವುದೆಂದು ಹೇಳಲಾಗದು. ರೋಗ ಒಳಗಿನ ಎರಡು ಪದರ ದಾಟದಿರುವುದನ್ನೇ ಜಪಾನಿನ ವೈದ್ಯರು 1962ರಲ್ಲಿ ‘ಮೊದಲ ಹಂತ’ ಎಂದು ಗುರುತಿಸಿದರು. ಆಗಲೇ ಸಿಕ್ಕಿ ಚಿಕಿತ್ಸೆಯಾದರೆ ಅಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ. ಕೆಲವರಿಗೆ ಹೊಟ್ಟೆ ಕೊಯ್ಯುವುದೂ ಬೇಡ, ದುರ್ಬೀನಿನಿಂದಲೇ ತೆಗೆಯುತ್ತಾರೆ. ಆದರೆ ಈ ಹಂತದಲ್ಲಿ ನೋವೇ ಇಲ್ಲದಿರಬಹುದು; ಇದ್ದರೂ ಬರೀ ಹೊಟ್ಟೆಯುರಿಯಂತೆ ತೋರಬಹುದು. ಪುಡಿ ಉರಿಯನ್ನು ಅಡಗಿಸೀತು, ರೋಗವನ್ನಲ್ಲ.

ಆಸ್ಪತ್ರೆ ನಮಗೆ ದೂರವಿಲ್ಲ. ಪರೇಲಿನಲ್ಲಿ 1941ರಿಂದ ಟಾಟಾ ಮೆಮೋರಿಯಲ್ ಇದೆ, ಅದರ ಕೇಂದ್ರ ಪಕ್ಕದ ಖಾರ್ಘರಿನಲ್ಲೂ ಇದೆ. ನಮಗೆ ದೂರವಾಗಿರುವುದು ರಜೆ! ಪರೀಕ್ಷೆಯ ದಿನ ಸಂಬಳ ಕಡಿಯಬಾರದೆಂದು ಸಂಘ ಮಾಲೀಕರ ಮುಂದೆ ಬೇಡಿಕೆ ಇಡಲೇಬೇಕು. ನಾವೂ ಅಷ್ಟೇ: ಬಿಡದ ಹೊಟ್ಟೆಯುರಿ, ಇಳಿಯುವ ತೂಕ, ಕಪ್ಪು ಮಲ, ರಕ್ತದ ವಾಂತಿ ಕಂಡರೆ ಪುಡಿಯ ಡಬ್ಬಿ ಬದಿಗಿಟ್ಟು ಡಾಕ್ಟರರಿಗೆ ತೋರಿಸಬೇಕು. ವರದಿಯ ಕಾಗದವನ್ನು ಟ್ರಂಕಿನಲ್ಲಿ ಮುಚ್ಚಿಡಬೇಡಿ, ಸಂಘಕ್ಕೆ ತನ್ನಿ. ಇಂಗ್ಲಿಷ್ ನನಗೂ ಅಷ್ಟಕ್ಕಷ್ಟೇ. ಬಲ್ಲವರಿಂದ ಓದಿಸಿ, ಜೊತೆಗೇ ಆಸ್ಪತ್ರೆಗೆ ಹೋಗೋಣ.