ಹೆಸರಿಲ್ಲದ ಮಾತ್ರೆಗೆ ಆಯುಸ್ಸು ಕಡಿಮೆಯೇ?

ಕಳೆದ ತಿಂಗಳು ಸಂಘದ ಕೆಲಸಕ್ಕಾಗಿ ನುಗ್ಗೇಹಳ್ಳಿಯಲ್ಲಿ ಮನೆ ಮನೆ ತಿರುಗುತ್ತಿದ್ದಾಗ, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಗೆಳೆಯರೊಬ್ಬರ ಮನೆಯ ತಿಪ್ಪೆಯ ಮೇಲೆ ಮಾತ್ರೆಯ ಪಟ್ಟಿಗಳು ಬಿದ್ದಿದ್ದವು. ಎತ್ತಿ ನೋಡಿದೆ. ರಕ್ತದೊತ್ತಡದ ಮಾತ್ರೆ. ಅವಧಿ ಮುಗಿಯಲು ಇನ್ನೂ 14 ತಿಂಗಳಿತ್ತು. ಏಕೆ ಎಸೆದಿರಿ ಎಂದು ಕೇಳಿದರೆ, "ಅವು ಜನೌಷಧಿ ಮಾತ್ರೆ ಮೇಷ್ಟ್ರೇ. ಆರು ತಿಂಗಳು ಇಟ್ಟರೆ ಪವರ್ ಹೋಗುತ್ತದಂತೆ. ಕಂಪನಿ ಮಾತ್ರೆಯಾದರೆ ಕೆಡೋದಿಲ್ಲವಂತೆ" ಎಂದರು. ಹಾಗಾದರೆ ಕಂಪನಿ ಮಾತ್ರೆ ತಂದಿರಾ ಎಂದರೆ, ಅದಕ್ಕೆ ಕೈಯಲ್ಲಿ ಕಾಸಿಲ್ಲ. ಅಂತೂ ಮೂರು ವಾರದಿಂದ ಅವರು ಯಾವ ಮಾತ್ರೆಯನ್ನೂ ನುಂಗಿಲ್ಲ. ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಪಟ್ಟಿ ಕಟ್ಟಿ ನೋಡಿ, ಇಬ್ಬರನ್ನೂ ಬೈದರು.

ಈ "ಅಂತೆ"ಯನ್ನು ಹುಟ್ಟಿಸಿದವರು ಯಾರು? ಇದರಿಂದ ಲಾಭ ಯಾರಿಗೆ? ದುಡಿಯುವ ಜನ ಇದನ್ನು ಕೇಳಲೇಬೇಕು.

ಮೊದಲು ಮಾತ್ರೆ ಎಂದರೇನು ಎಂಬುದನ್ನು ತಿಳಿಯೋಣ. ಕಾಯಿಲೆಯನ್ನು ತಗ್ಗಿಸುವ ಮೂಲದ್ರವ್ಯ ಒಂದಿಷ್ಟು. ಅದನ್ನು ಹಿಡಿದು ನಿಲ್ಲಿಸುವ ಪಿಷ್ಟ ಮುಂತಾದವು ಇನ್ನೊಂದಿಷ್ಟು. ಮೂಲದ್ರವ್ಯದ ಹೆಸರಿನಲ್ಲೇ ಮಾರಿದರೆ ಅದು ಜೆನೆರಿಕ್. ಕಂಪನಿ ತಾನೇ ಒಂದು ಹೆಸರಿಟ್ಟು, ಪ್ರತಿನಿಧಿಗಳನ್ನು ಡಾಕ್ಟರ ಬಾಗಿಲಿಗೆ ಕಳಿಸಿ ಮಾರಿದರೆ ಅದು ಬ್ರಾಂಡು.

ಇನ್ನು ಔಷಧ ಹಳೆಯದಾಗುವುದು ಹೇಗೆ? ಶಾಖ, ತೇವ, ಬೆಳಕು ಈ ಮೂರರಿಂದ. ನಮ್ಮ ಸೀಮೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಕೊಬ್ಬರಿ ಮಾಡುವವರು ನಾವು. ತೇವ ತಾಗಿದರೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಇದು ಗೌಡರ ತೋಟದ್ದೋ ಕೂಲಿಯವನ ಹಿತ್ತಲಿನದೋ ಎಂದು ತೇವ ವಿಚಾರಿಸುವುದಿಲ್ಲ. ಮಾತ್ರೆಯೂ ಹಾಗೆಯೇ. ಆಸ್ಪಿರಿನ್ ಮಾತ್ರೆಗೆ ತೇವ ತಾಗಿದರೆ ಅದು ಒಡೆದು ಅಸಿಟಿಕ್ ಆಮ್ಲ, ಎಂದರೆ ವಿನೆಗರಿನ ಹುಳಿ, ಹೊರಬರುತ್ತದೆ. ಹಳೆಯ ಡಬ್ಬಿ ತೆರೆದರೆ ಮೂಗಿಗೇ ತಿಳಿಯುತ್ತದೆ. ಆ ವಾಸನೆ ಬ್ರಾಂಡಿನ ಡಬ್ಬಿಯಲ್ಲೂ ಬರುತ್ತದೆ, ಬ್ರಾಂಡಿಲ್ಲದ ಡಬ್ಬಿಯಲ್ಲೂ ಬರುತ್ತದೆ.

ಕಾನೂನಾದರೂ ಭೇದ ಮಾಡುತ್ತದೆಯೇ? ಇಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆ ಇಬ್ಬರಿಗೂ ಒಂದೇ. ಬ್ಯಾಚ್ ನಂಬರು, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಇಬ್ಬರೂ ಅಚ್ಚು ಹಾಕಬೇಕು. ಮೂಲದ್ರವ್ಯ ಎಷ್ಟಿರಬೇಕೆಂದು ಭಾರತೀಯ ಫಾರ್ಮಕೋಪಿಯ ಎಂಬ ಗ್ರಂಥ ಗೊತ್ತುಮಾಡಿದೆ. ಸಾಮಾನ್ಯವಾಗಿ, ಬರೆದ ಪ್ರಮಾಣದ ನೂರಕ್ಕೆ 90ರಿಂದ 110ರೊಳಗೆ. ಕೆಲವಕ್ಕೆ ಇನ್ನೂ ಬಿಗಿ. ಅವಧಿ ಮುಗಿಯುವ ಕೊನೆಯ ದಿನದವರೆಗೂ ಅದು ಆ ಮಿತಿಯೊಳಗೇ ಇರತಕ್ಕದ್ದು. ಇದಕ್ಕಾಗಿ ಔಷಧವನ್ನು 40 ಡಿಗ್ರಿ ಶಾಖದಲ್ಲಿ, ನೂರಕ್ಕೆ 75ರಷ್ಟು ತೇವವಿರುವ ಗಾಳಿಯಲ್ಲಿ ಆರು ತಿಂಗಳಿಟ್ಟು ಪರೀಕ್ಷಿಸುವ ಪದ್ಧತಿಯುಂಟು. ಹೆಸರು ದೊಡ್ಡದೆಂದು ಯಾರಿಗೂ ವಿನಾಯಿತಿಯಿಲ್ಲ.

ಕಾನೂನು ಪುಸ್ತಕದಲ್ಲಿರುತ್ತದೆ, ಅಂಗಡಿಯಲ್ಲಿ ಏನಿದೆ ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆಯೇ. 2011ರಲ್ಲಿ ಇಂಡಿಯನ್ ಜರ್ನಲ್ ಆಫ್ ಫಾರ್ಮಕಾಲಜಿ ಪತ್ರಿಕೆಯಲ್ಲಿ ಒಂದು ಶೋಧನೆ ಪ್ರಕಟವಾಯಿತು. ಐದು ಔಷಧಗಳನ್ನು ಆರಿಸಿಕೊಂಡರು. ಪ್ರತಿಯೊಂದನ್ನೂ ಒಂದೇ ಕಂಪನಿ ಎರಡು ವೇಷದಲ್ಲಿ ಮಾರುತ್ತಿತ್ತು: ಒಂದು ಹೆಸರುವಾಸಿ ಬ್ರಾಂಡು, ಇನ್ನೊಂದು ಅಂಗಡಿಯವರಿಗೆ ಅಗ್ಗವಾಗಿ ಕೊಡುವ ಜೆನೆರಿಕ್. ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತೂ ಪಾಸಾದವು. ವ್ಯತ್ಯಾಸ ಕಂಡದ್ದು ಮಾತ್ರೆಯಲ್ಲಲ್ಲ, ಲಾಭದಲ್ಲಿ. ಬ್ರಾಂಡಿನ ಮೇಲೆ ಅಂಗಡಿಯ ಲಾಭ ನೂರಕ್ಕೆ 25ರಿಂದ 30. ಜೆನೆರಿಕ್ಕಿನ ಮೇಲೆ ನೂರಕ್ಕೆ 201ರಿಂದ 1016! ಅಗ್ಗವಾಗಿ ಕೊಂಡದ್ದರ ಮೇಲೆ ದುಬಾರಿ ಬೆಲೆ ಅಚ್ಚಾಗಿತ್ತು. ನಡುವಿನ ಹಣ ರೋಗಿಯ ಕೈ ಸೇರಲಿಲ್ಲ. ಬ್ರಾಂಡಿನ ಹೆಸರಿನಲ್ಲೂ ಸುಲಿಗೆ, ಜೆನೆರಿಕ್ ಹೆಸರಿನಲ್ಲೂ ಸುಲಿಗೆ ಎಂಬುದನ್ನು ನಮ್ಮ ವರ್ತಕ ಮಿತ್ರರ ಎದುರಿಗೇ ಹೇಳುತ್ತೇನೆ.

ಬಹುಕಾಲ ಇಟ್ಟ ಔಷಧದ ಮಾತಿಗೆ ಬರೋಣ. ಅಮೆರಿಕದ ಸೈನ್ಯದ ಉಗ್ರಾಣಗಳಲ್ಲಿದ್ದ ಔಷಧಗಳನ್ನು 1986ರಿಂದ ಅಲ್ಲಿನ ಸರ್ಕಾರವೇ ಪರೀಕ್ಷಿಸುತ್ತಾ ಬಂತು. 2006ರಲ್ಲಿ ಹೊರಬಂದ ಲೆಕ್ಕ ಇದು: 122 ಔಷಧಗಳ 3005 ಬ್ಯಾಚುಗಳಲ್ಲಿ ನೂರಕ್ಕೆ 88ರ ಅವಧಿಯನ್ನು, ಅಚ್ಚಾದ ತಾರೀಖಿನ ಆಚೆಗೂ ಕನಿಷ್ಠ ಒಂದು ವರ್ಷ ಮುಂದೂಡಬಹುದಾಗಿತ್ತು. ಅವು ಮೂಲ ಪೊಟ್ಟಣದಲ್ಲಿ, ಮುಚ್ಚಿದಂತೆಯೇ, ಒಳ್ಳೆಯ ಉಗ್ರಾಣದಲ್ಲಿದ್ದವು. ಗುಟ್ಟೆಲ್ಲ ಇರುವುದು ಅಲ್ಲೇ. ಇದನ್ನು ಓದಿ ಯಾರೂ ಅವಧಿ ಮೀರಿದ ಮಾತ್ರೆ ನುಂಗಬೇಡಿ. ಕೆಟ್ಟುಹೋದ ಟೆಟ್ರಾಸೈಕ್ಲಿನ್ ನುಂಗಿದವರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದದ್ದು 1963ರಲ್ಲೇ ವರದಿಯಾಗಿದೆ. ಇನ್ಸುಲಿನ್ನಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಎದೆನೋವಿಗೆ ನಾಲಿಗೆಯ ಕೆಳಗಿಡುವ ನೈಟ್ರೋಗ್ಲಿಸರಿನ್ ಡಬ್ಬಿಯಿಂದ ಹೊರತೆಗೆದಿಟ್ಟರೆ ಗಾಳಿಗೇ ಹಾರಿಹೋಗುತ್ತದೆ.

ಹಾಗಾದರೆ ಅಗ್ಗದ ಮಾತ್ರೆ ಬೇಗ ಕೆಡುತ್ತದೆಂಬ ಮಾತು ಬರೀ ಗಾಳಿಯಿಂದ ಹುಟ್ಟಿತೇ? ಇಲ್ಲ, ಅದಕ್ಕೊಂದು ಬೇರುಂಟು. ಬಡವನ ಕೈಗೆ ಮಾತ್ರೆ ಹೇಗೆ ಬರುತ್ತದೆ, ನೋಡಿ. ದೊಡ್ಡ ಡಬ್ಬಿಯಿಂದ ಬಿಡಿ ಮಾತ್ರೆ ಎಣಿಸಿ, ಕಾಗದದ ಕವರಿಗೆ ಸುರಿದು ಕೊಡುತ್ತಾರೆ. ಆ ಕವರು ಶೀಟು ಹೊದಿಸಿದ ಮನೆಯಲ್ಲಿ, ಒಲೆಯ ಪಕ್ಕದ ಗೂಡಿನಲ್ಲಿ ಮಲಗುತ್ತದೆ. ಮೇ ತಿಂಗಳ ಶಾಖ, ಜುಲೈ ತಿಂಗಳ ತೇವ ಎರಡನ್ನೂ ಕುಡಿಯುತ್ತದೆ. ಅನುಕೂಲಸ್ಥನ ಬ್ರಾಂಡ್ ಮಾತ್ರೆ ಬೆಳ್ಳಿಹಾಳೆಯಲ್ಲಿ, ತಂಪಾದ ಬೀರುವಿನಲ್ಲಿರುತ್ತದೆ. ಶಕ್ತಿ ಕಳೆದದ್ದು ಬಡತನದಿಂದ. ಅಪವಾದ ಹೊತ್ತದ್ದು ಜೆನೆರಿಕ್!

ಎದುರು ಪಕ್ಷದವರು ಬಳ್ಳಾರಿಯ ಹೆಸರು ಎತ್ತುತ್ತಾರೆ. ಎತ್ತಲೇಬೇಕು. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಬಾಣಂತಿಯರು ಸತ್ತರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು. ಸರ್ಕಾರ ಅದರ ಬಳಕೆ ನಿಲ್ಲಿಸಿ, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ತಾಯಂದಿರ ಸಾವನ್ನು ಮರೆತು ಜೆನೆರಿಕ್ಕಿನ ಭಜನೆ ಮಾಡುವವನು ನಾನಲ್ಲ. ಆದರೆ ಅಲ್ಲಿ ಎದ್ದ ಪ್ರಶ್ನೆ ತಯಾರಿಕೆಯದು, ತಪಾಸಣೆಯದು. ಹೆಸರಿಗೂ ಅದಕ್ಕೂ ಸಂಬಂಧವೇನು? ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳೂ ಕಳಪೆ ಮಾದರಿಗಳ ಪಟ್ಟಿ ಹೊರಡಿಸುತ್ತದೆ. 2024ರ ಆಗಸ್ಟ್ ತಿಂಗಳ ಪಟ್ಟಿಯಲ್ಲಿ ಮನೆಮಾತಾದ ಬ್ರಾಂಡುಗಳೂ ಇದ್ದವು. ಅವು ನಮ್ಮವಲ್ಲ, ನಕಲಿ ಎಂದು ಕಂಪನಿಗಳು ಹೇಳಿದವು. ಆಗಲಿ, ಹಾಗೆಯೇ ಇರಲಿ. ನಕಲಿ ಮಾಡುವ ಕಳ್ಳನಿಗೆ ಬೇಕಾದದ್ದು ಹೆಸರಿರುವ ಮಾಲೇ ತಾನೆ?

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅಪಸ್ಮಾರ, ಥೈರಾಯ್ಡ್, ರಕ್ತ ತೆಳುವಾಗಿಸುವ ಔಷಧ, ಇಂಥವುಗಳಲ್ಲಿ ಪ್ರಮಾಣದ ಅಲ್ಪ ಏರುಪೇರೂ ಅಪಾಯ. ಒಬ್ಬ ತಯಾರಕನಿಂದ ಇನ್ನೊಬ್ಬನಿಗೆ ಬದಲಾಯಿಸುವಾಗ ಡಾಕ್ಟರಿಗೆ ತಿಳಿಸಿಯೇ ಬದಲಾಯಿಸಬೇಕು. ಬ್ರಾಂಡಿನಿಂದ ಬ್ರಾಂಡಿಗೆ ಹೋಗುವಾಗಲೂ ಇದೇ ಎಚ್ಚರ ಬೇಕು.

ಹೆಸರಿನ ಈ ಮೋಹವನ್ನು ಮುರಿಯಲು ಸರ್ಕಾರ ಹೊರಟದ್ದುಂಟು. 1975ರಲ್ಲಿ ಜಯಸುಖಲಾಲ್ ಹಾಥಿ ಸಮಿತಿ ಬ್ರಾಂಡ್ ಹೆಸರುಗಳನ್ನು ಹಂತಹಂತವಾಗಿ ತೆಗೆಯಿರಿ, ಮೊದಲು 13 ಔಷಧಗಳಿಂದ ಆರಂಭಿಸಿರಿ ಎಂದಿತು. 13 ಇಳಿದು 5 ಆಯಿತು. 1981ರಲ್ಲಿ ಆಸ್ಪಿರಿನ್, ಅನಾಲ್ಜಿನ್, ರಕ್ತಹೀನತೆಗೆ ಕೊಡುವ ಫೆರಸ್ ಸಲ್ಫೇಟ್ ಮುಂತಾದ ಐದಕ್ಕೆ ಆಜ್ಞೆ ಹೊರಟಿತು. ಕಂಪನಿಗಳು ಕೋರ್ಟಿಗೆ ಹೋದವು. ಆಜ್ಞೆ ಅಲ್ಲಿ ನಿಲ್ಲಲಿಲ್ಲ. ಹೆಸರಿನಲ್ಲಿ ಏನೂ ಇಲ್ಲವೆಂದಾದರೆ ಅವರೇಕೆ ಅಷ್ಟು ಹೋರಾಡಿದರು? ರೋಗಿಗೆ ಏನೂ ಇಲ್ಲ, ಅವರಿಗೆ ಎಲ್ಲವೂ ಹೆಸರಿನಲ್ಲೇ ಇದೆ!

2008ರಲ್ಲಿ ಜನೌಷಧಿ ಬಂತು. ಅಂಗಡಿಗಳೇನೋ ಸಾವಿರಾರು ಎದ್ದವು. ಆದರೆ ನಮ್ಮ ರಾಜ್ಯದಲ್ಲಿ 2025ರ ಮೇ ತಿಂಗಳಲ್ಲಿ, ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಬೇಕೆಂದು ಸರ್ಕಾರ ಆಜ್ಞೆ ಮಾಡಿತು. ಜಗಳ ಹೈಕೋರ್ಟಿಗೆ ಹೋಯಿತು. ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆಯಾಗಿ ಸಿಗಬೇಕೆಂಬುದು ಸರ್ಕಾರದ ವಾದ. ಪುಕ್ಕಟೆ ಕೊಡಿ, ಬೇಡವೆಂದವರಾರು? ಆದರೆ "ಸ್ಟಾಕಿಲ್ಲ, ಹೊರಗೆ ತನ್ನಿ" ಎಂದ ದಿನ, ಆ ಹೊರಗೆ ಎಂಬುದು ಯಾವ ಅಂಗಡಿ?

ಗಿರಣಿಯ ಬಂಧುಗಳೇ, ಕಾಗದದ ಕವರು ಬೇಡ, ಪಟ್ಟಿ ಸಹಿತ ಕೊಡಿ ಎಂದು ಕೇಳಿ. ತಾರೀಖಿರುವ ತುಂಡನ್ನು ಕೊನೆಗೆ ಕತ್ತರಿಸಿ. ಒಲೆ, ಬಚ್ಚಲು, ಕಿಟಕಿ ಈ ಮೂರರಿಂದ ದೂರವಿಡಿ. ಮಾತ್ರೆ ಬಣ್ಣಗೆಟ್ಟರೆ, ಪುಡಿಯಾದರೆ, ವಾಸನೆ ಬಂದರೆ ತಿಪ್ಪೆಗೆ ಎಸೆಯದೆ ಕೊಂಡ ಕಡೆಗೇ ಒಯ್ದು ತೋರಿಸಿ. ಯಾರದೋ ಮಾತು ಕೇಳಿ ಔಷಧವನ್ನೇ ನಿಲ್ಲಿಸಬೇಡಿ. ಕೆಟ್ಟ ಮಾತ್ರೆಗಿಂತ ನುಂಗದ ಮಾತ್ರೆ ಹೆಚ್ಚು ಜನರನ್ನು ಮಲಗಿಸುತ್ತದೆ. ವರ್ತಕ ಮಿತ್ರರೇ, ನಿಮ್ಮ ಅಂಗಡಿಯ ಶೀಟಿನ ಶಾಖ ಎಷ್ಟೆಂದು ಒಂದು ಸಾರಿ ಅಳೆಯಿರಿ. ಕಂಪನಿಯವನು ಹೇಳಿಕೊಟ್ಟ ಪಾಠವನ್ನು ನಮ್ಮ ಕೂಲಿಯವನಿಗೆ ಒಪ್ಪಿಸಬೇಡಿ.

ಸರ್ಕಾರದಿಂದ ನಾವು ಕೇಳುವುದು ನಾಲ್ಕೇ:

1. ಪ್ರತಿ ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಶಾಖಮಾಪಕ ತೂಗಬೇಕು. ದಿನದ ಲೆಕ್ಕ ಹೊರಗಡೆ ಬರೆದಿರಬೇಕು.
2. ಬಿಡಿ ಮಾತ್ರೆ ಕೊಡುವ ಪದ್ಧತಿ ನಿಲ್ಲಬೇಕು.
3. ಔಷಧದ ಹೆಸರು, ಅವಧಿ ಮುಗಿಯುವ ತಿಂಗಳು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿರಬೇಕು.
4. ಪರೀಕ್ಷೆಯಲ್ಲಿ ಫೇಲಾದ ಬ್ಯಾಚುಗಳ ಪಟ್ಟಿಯನ್ನು ತಿಂಗಳು ತಿಂಗಳೂ ಆಸ್ಪತ್ರೆಯ ಗೋಡೆಗೆ ಅಂಟಿಸಬೇಕು, ಬ್ರಾಂಡಾಗಲಿ ಜೆನೆರಿಕ್ಕಾಗಲಿ.

ಈ ನಾಲ್ಕು ಆದ ದಿನ ನುಗ್ಗೇಹಳ್ಳಿಯ ತಿಪ್ಪೆಯಲ್ಲಿ ಮಾತ್ರೆ ಬೀಳುವುದಿಲ್ಲ. ಅಲ್ಲಿಯವರೆಗೆ, "ಅಂತೆ" ಎಂದು ಹೇಳಲು ಬಂದವನನ್ನು ಒಂದೇ ಒಂದು ಪ್ರಶ್ನೆ ಕೇಳಿ: ನಿನಗೆ ಇದನ್ನು ಹೇಳಿದವರು ಯಾರು, ಅವರು ಮಾರುವುದೇನು?