ತಗಡಿಗಿಂತ ಮೊದಲು ನೀರಿನ ದಾರಿ

ಗೋವೆಯ ಸಾಂಕೋಲೆಯ ನೆಲ ಎರಡು ಅಂತಸ್ತಿನದು. ಮೇಲೆ ಜಂಬಿಟ್ಟಿಗೆಯ ಪ್ರಸ್ಥಭೂಮಿ, ಕೆಳಗೆ ಜುವಾರಿ ನದಿಯ ಅಳಿವೆ. ಮೇಲಿನ ನೆಲದಲ್ಲಿ ರಸಗೊಬ್ಬರ ಕಾರ್ಖಾನೆಯ ಸುತ್ತ ಬೆಳೆದ ಜುವಾರಿನಗರದಲ್ಲಿ ಉತ್ತರ ಕರ್ನಾಟಕದಿಂದ ದುಡಿಮೆ ಅರಸಿ ಬಂದ ಕುಟುಂಬಗಳು ನೆಲೆಸಿವೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಸೀಮೆಯಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಇಂಥಲ್ಲಿ ಮನೆ ಕಳೆದುಕೊಂಡವನಿಗೆ ಮಾಡಿನಷ್ಟೇ ಅಗತ್ಯವಾದದ್ದು ಚರಂಡಿ. ಆದರೆ ಪರಿಹಾರದ ಪಟ್ಟಿಗಳಲ್ಲಿ ಅಕ್ಕಿ, ಹೊದಿಕೆ, ತಗಡು, ತಾಡಪಾಲುಗಳು ಇರುತ್ತವೆ. ಗುದ್ದಲಿ ಇರುವುದು ಅಪರೂಪ.

ಸಾಂಕೋಲೆಗೆ ಸಮೀಪದಲ್ಲಿಯೇ, ವಾಸ್ಕೋದ ಬಾಯ್ನಾ ಕಡಲತೀರದಲ್ಲಿ, 2004ರ ಜೂನ್ 14ರಂದು ಗುಡಿಸಲುಗಳನ್ನು ಕೆಡವಲಾಯಿತು. ನೆಲೆ ಕಳೆದುಕೊಂಡವರಲ್ಲಿ ಕನ್ನಡಿಗರೂ ಇದ್ದರು. ತೆರವಿನ ನ್ಯಾಯಾನ್ಯಾಯ ಬೇರೆಯೇ ಚರ್ಚೆ. ಇಲ್ಲಿ ಗಮನಿಸಬೇಕಾದದ್ದು ತಿಂಗಳನ್ನು: ಮುಂಗಾರು ಕಾಲಿಡುವ ಹೊತ್ತಿನಲ್ಲಿ ಬೀದಿಗೆ ಬಂದವರು ಯಾವ ತಗ್ಗಿನಲ್ಲಿ ಟೆಂಟು ಹಾಕಿಕೊಳ್ಳಬೇಕು? ಯಾರಿಗೂ ಬೇಡವಾಗಿ ಉಳಿದ ನೆಲವೇ ನಿರ್ವಸಿತರ ಪಾಲಿಗೆ ಬರುತ್ತದೆ. ಅದು ಯಾರಿಗೂ ಬೇಡವಾದದ್ದು ಅನೇಕ ವೇಳೆ ಅಲ್ಲಿ ನೀರು ನಿಲ್ಲುತ್ತದೆ ಎಂಬ ಕಾರಣಕ್ಕೇ.

ಕರ್ನಾಟಕದ ಅನುಭವವೂ ಬೇರೆಯಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆ, ಬಳಿಕ 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಪ್ರವಾಹ. ಎರಡು ಸಲವೂ ಊರುಬಿಟ್ಟ ಜನ ಮೊದಲು ಶಾಲೆ, ಸಮುದಾಯ ಭವನಗಳಲ್ಲಿಯೂ ಆಮೇಲೆ ಹಲವೆಡೆ ತಗಡಿನ ಶೆಡ್ಡುಗಳಲ್ಲಿಯೂ ಬದುಕಬೇಕಾಯಿತು. ಹೊಳೆಯ ನೀರಿನಿಂದ ಪಾರಾಗಿ ಬಂದವರಿಗೆ ಶೆಡ್ಡಿನ ಬಾಗಿಲಲ್ಲಿ ಮಳೆಯ ನೀರು ಎದುರಾಗುವುದು ಕ್ರೂರ ವ್ಯಂಗ್ಯವೇ ಸರಿ.

ಇದರ ಲೆಕ್ಕ ಕಷ್ಟದ್ದಲ್ಲ. 20 ಚದರ ಮೀಟರಿನ ಒಂದು ತಗಡಿನ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್ ನೀರು ಕೆಳಗಿಳಿಯುತ್ತದೆ. ಅಂಥ ನೂರು ಶೆಡ್ಡುಗಳಿದ್ದರೆ ಮಾಡುಗಳಿಂದ ಮಾತ್ರವೇ ಎರಡು ಲಕ್ಷ ಲೀಟರ್. ಕರಾವಳಿಯ ಮಳೆಗಾಲದಲ್ಲಿ ಒಂದೇ ದಿನಕ್ಕೆ ಅಷ್ಟು ಮಳೆಯಾಗುವುದು ಅಪರೂಪವೇನಲ್ಲ. ತಗಡು ಹನಿಯನ್ನೂ ಹೀರುವುದಿಲ್ಲ. ತುಳಿದು ಗಟ್ಟಿಯಾದ ಅಂಗಳ ಹೀರುವುದೂ ಅಲ್ಪವೇ. ಮಳೆಯಿಲ್ಲದ ದಿನಗಳಲ್ಲಿಯೂ ಬಚ್ಚಲಿನ ನೀರಿದೆ. ತಲೆಗೆ ದಿನಕ್ಕೆ 15 ಲೀಟರಿನ ಕನಿಷ್ಠ ಪ್ರಮಾಣವನ್ನೇ ಹಿಡಿದರೂ ಸಾವಿರ ಜನರ ಶಿಬಿರಕ್ಕೆ ನಿತ್ಯವೂ 15,000 ಲೀಟರ್ ಒಳಬರುತ್ತದೆ. ಅದರಲ್ಲಿ ಬಹುಪಾಲು ಕೊಳಕಾಗಿ ಹೊರಹೋಗಬೇಕು. ದಾರಿ ಇಲ್ಲದಿದ್ದರೆ ಅದು ನಲ್ಲಿಯ ಬುಡದಲ್ಲಿಯೇ ನಿಲ್ಲುತ್ತದೆ. ಡೆಂಗಿ, ಮಲೇರಿಯಾ, ಇಲಿಜ್ವರ, ವಾಂತಿಭೇದಿಗಳಿಗೆ ಬೇರೆ ಆಹ್ವಾನ ಬೇಕಿಲ್ಲ.

ಪರಿಹಾರ ಕಾರ್ಯಕ್ಕಾಗಿ ರೂಪುಗೊಂಡ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಕೈಪಿಡಿ ಶಿಬಿರದ ನೆಲ ಶೇಕಡ 1ರಿಂದ 5ರಷ್ಟು ಇಳಿಜಾರಿರಬೇಕೆನ್ನುತ್ತದೆ. ಎಂದರೆ ನೂರು ಮೀಟರ್ ದೂರಕ್ಕೆ ಒಂದರಿಂದ ಐದು ಮೀಟರ್ ಇಳಿತ. ಕಡಿಮೆಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಮಣ್ಣು ಕೊಚ್ಚುತ್ತದೆ. ಶೌಚದ ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ ಒಂದೂವರೆ ಮೀಟರಾದರೂ ಮೇಲಿರಬೇಕೆಂಬುದೂ ಅದರ ಮಾತು. ಹೆಚ್ಚಾದ ಇಳಿಜಾರಿನ ಅಪಾಯವನ್ನು ಬಾಂಗ್ಲಾದೇಶದ ಕಾಕ್ಸ್ ಬಜಾರ್ ತೋರಿಸಿಕೊಟ್ಟಿದೆ. 2017ರಲ್ಲಿ ಓಡಿಬಂದ ರೋಹಿಂಗ್ಯಾ ನಿರಾಶ್ರಿತರಿಗಾಗಿ ಗುಡ್ಡಗಳ ಮರಗಿಡಗಳನ್ನು ಸವರಿ ಬಿಡಾರ ಹೂಡಲಾಯಿತು. ಮುಂದಿನ ಮಳೆಗಾಲಗಳಲ್ಲಿ ಗುಡ್ಡವೇ ಜರಿಯಿತು, ತಗ್ಗಿನ ಬಿಡಾರಗಳು ಮುಳುಗಿದವು.

ಆದರೂ ಕೈಪಿಡಿಯೊಂದೇ ಸಾಲದು, ನೆಲವನ್ನು ಓದಬೇಕು. ಬಾಗಲಕೋಟೆ, ವಿಜಯಪುರಗಳ ಎರೆಮಣ್ಣು ಒದ್ದೆಯಾದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅಲ್ಲಿ ಇಂಗುಗುಂಡಿ ತೋಡುವುದು ಕೊಳ ತೋಡಿದಂತೆ. ಅಲ್ಲಿ ನೀರನ್ನು ಹರಿಸಿಯೇ ಕಳುಹಿಸಬೇಕು. ಸಾಂಕೋಲೆಯಂಥ ಜಂಬಿಟ್ಟಿಗೆಯ ನೆಲ ಬಿರುಕು ತೂತುಗಳಲ್ಲಿ ನೀರನ್ನು ಇಂಗಿಸಿಕೊಂಡರೂ ಗಟ್ಟಿ ಹಾಸಿನ ಮೇಲೆ ಅದು ಜಾರಿಹೋಗುತ್ತದೆ. ಮೇಲಿನವರು ಬಿಟ್ಟದ್ದು ಕೆಳಗಿನವರ ಒಲೆಗೆ ಬರುತ್ತದೆ.

ಇಷ್ಟಾಗಿಯೂ ಚರಂಡಿ ಏಕೆ ಕೊನೆಗೆ ಉಳಿಯುತ್ತದೆ? ಅಡ್ಡಿ ಹಣಕ್ಕಿಂತ ಹೆಚ್ಚಾಗಿ ಒಂದು ಶಬ್ದದ್ದು: ‘ತಾತ್ಕಾಲಿಕ’. ಕಾಲುವೆ ತೋಡಿದರೆ ಜನ ಅಲ್ಲಿಯೇ ಬೇರೂರುತ್ತಾರೆಂಬ ಅಂಜಿಕೆ ಆಡಳಿತಕ್ಕಿದೆ. ಈ ಅಂಜಿಕೆಗೆ ಹುರುಳಿಲ್ಲ. ಮಣ್ಣಿನ ಕಾಲುವೆಯನ್ನು ಎರಡು ದಿನದಲ್ಲಿ ತೋಡಬಹುದು, ಒಂದು ದಿನದಲ್ಲಿ ಮುಚ್ಚಬಹುದು. ಜನ ಒಂದೆಡೆ ಉಳಿಯುವುದು ಕೂಲಿಗಾಗಿಯೇ ಹೊರತು ಚರಂಡಿಗಾಗಿ ಅಲ್ಲ. ತಾತ್ಕಾಲಿಕವೆಂದು ಕರೆದ ವಸತಿಗಳಲ್ಲಿ ಮಳೆಗಾಲಗಳು ಒಂದರ ಮೇಲೊಂದು ಕಳೆದುಹೋಗುವುದನ್ನು ನಾಡು ಕಂಡಿದೆ.

ಕನ್ನಡಕ್ಕೆ ಈ ವಿದ್ಯೆ ಹೊಸದಲ್ಲ. ಏರಿ, ತೂಬು, ಕೋಡಿ, ಕಾಲುವೆ ಎಂದು ನೀರು ನಿಲ್ಲುವ, ಹೊರಡುವ, ತುಂಬಿ ಹರಿಯುವ ಒಂದೊಂದು ಎಡೆಗೂ ಹೆಸರಿಟ್ಟ ಭಾಷೆ ಇದು. ಕೆರೆ ಕಟ್ಟಿಸಿದವರನ್ನೂ ದುರಸ್ತಿಗೆಂದು ಭೂಮಿ ಬಿಟ್ಟವರನ್ನೂ ಶಾಸನಗಳು ನೆನೆಯುತ್ತವೆ. ಗೋವೆಯ ಖಾಜನ್ ಗದ್ದೆಗಳಲ್ಲಿಯೂ ಇದೇ ವಿವೇಕ: ಒಡ್ಡಿನಲ್ಲಿ ಕೂರಿಸಿದ, ಕೊಂಕಣಿಗರು ಮಾನಸ್ ಎನ್ನುವ ತೂಬಿನ ಕದ ಉಬ್ಬರದ ಒತ್ತಡಕ್ಕೆ ತಾನೇ ಮುಚ್ಚಿ ಇಳಿತಕ್ಕೆ ತೆರೆಯುತ್ತದೆ. ಆದರೆ ಆ ಕದವನ್ನು, ಒಡ್ಡನ್ನು ನೋಡಿಕೊಳ್ಳುವವರು ಇದ್ದರು. ಕನ್ನಡನಾಡಿನ ಕೆರೆಗಳಿಗೆ ನೀರಗಂಟಿ ಇದ್ದಂತೆ.

ಶಿಬಿರಗಳಿಗೆ ಬೇಕಾದವನು ಈ ನೀರಗಂಟಿ. ತೋಡಿದ ಚರಂಡಿ ಪ್ಲಾಸ್ಟಿಕ್ಕಿನಿಂದ ಕಟ್ಟಿಕೊಳ್ಳಲು ಒಂದು ವಾರ ಸಾಕು. ಶಿಬಿರವಾಸಿಗಳಲ್ಲಿಯೇ ಇಬ್ಬರಿಗೋ ಮೂವರಿಗೋ ದಿನಗೂಲಿ ಕೊಟ್ಟು, ಗುದ್ದಲಿ ಪುಟ್ಟಿ ಒದಗಿಸಿ, ಪ್ರತಿ ಮಳೆಯ ಮರುದಿನ ಕಾಲುವೆಯುದ್ದಕ್ಕೂ ನಡೆದುಬರುವ ಹೊಣೆ ಒಪ್ಪಿಸಬೇಕು. ಮೊದಲ ಕಂಬ ನೆಡುವ ಮುನ್ನ ಅವರನ್ನೇ ಕೇಳಬೇಕು: ಕಳೆದ ಮಳೆಯಲ್ಲಿ ಇಲ್ಲಿ ನೀರು ಎತ್ತ ಹರಿಯಿತು? ಅವರು ಹೊಸಬರಾಗಿದ್ದರೆ ಪಕ್ಕದ ಊರಿನ ದನಗಾಹಿಯನ್ನು ಕೇಳಬೇಕು.