ಹದಿನಾರು ಮತಗಳು

ಜಯನಗರದ ನಿವಾಸಿಗಳಿಗೆ ಹದಿನಾರೆಂಬ ಸಂಖ್ಯೆಯ ಮಹಿಮೆಯನ್ನು ವಿವರಿಸಬೇಕಾಗಿಲ್ಲ. 2023ರ ಮೇ 13ರಂದು ವಿಧಾನಸಭೆಯ ಮತ ಎಣಿಕೆ ನಡೆದಾಗ ರಾಜ್ಯದ ಹಣೆಬರಹವು ಹಗಲಲ್ಲೇ ತಿಳಿದುಹೋಯಿತು. ನಮ್ಮ ಕ್ಷೇತ್ರದ್ದು ಮಾತ್ರ ರಾತ್ರಿ ಬಹಳ ಹೊತ್ತಾದರೂ ತೂಗುಯ್ಯಾಲೆಯಲ್ಲಿತ್ತು. ಮೊದಲು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರು ಕೊಂಚ ಮುಂದಿದ್ದರು. ಮರು ಎಣಿಕೆಯಾಯಿತು. ಕಡೆಗೆ ಬಿ.ಜೆ.ಪಿ.ಯ ಸಿ.ಕೆ. ರಾಮಮೂರ್ತಿಯವರಿಗೆ 57,797, ಸೌಮ್ಯಾ ರೆಡ್ಡಿಯವರಿಗೆ 57,781. ಸೋತವರು ಹೈಕೋರ್ಟಿನ ಮೆಟ್ಟಿಲೇರಿದರು.

ಜಗಳವೆಲ್ಲವೂ ತಿರಸ್ಕೃತವಾಗಿದ್ದ 177 ಅಂಚೆ ಮತಗಳದು. ಅಂಚೆ ಮತವೆಂದರೆ ಬರಿಯ ಚೀಟಿಯಲ್ಲ. ಅದರೊಡನೆ ಮತದಾರನ ಘೋಷಣಾಪತ್ರವಿರಬೇಕು, ಅದಕ್ಕೆ ಗೆಜೆಟೆಡ್ ಅಧಿಕಾರಿಯ ದೃಢೀಕರಣವಿರಬೇಕು. ಅದಿಲ್ಲವಾದರೆ ಒಳಗಿನ ಲಕೋಟೆಯನ್ನು ಒಡೆಯುವುದೇ ಇಲ್ಲ. ಹಾಗೆ ಬದಿಗಿಟ್ಟವುಗಳಲ್ಲಿ ಕೆಲವನ್ನು ಮತ್ತೆ ಎತ್ತಿಕೊಂಡರೆಂಬುದು ಸೋತವರ ಆಕ್ಷೇಪ.

ಈ ಸುದ್ದಿಯನ್ನೋದಿದಾಗ ನನ್ನ ಎದೆ ಧಸಕ್ಕೆಂದಿತು. ಆ ಸಲ ಬೇರೊಂದು ಕ್ಷೇತ್ರದಲ್ಲಿ ಚುನಾವಣೆಯ ಕೆಲಸಕ್ಕೆ ನಿಯುಕ್ತನಾಗಿದ್ದ ನಾನು ತರಬೇತಿಯ ದಿನ, ನೂಕುನುಗ್ಗಲಿನಲ್ಲಿ, ಅಂಚೆ ಮತವನ್ನೇ ಹಾಕಿ ಬಂದವನು. “ಸಹಿ, ಮೊಹರು ಎಲ್ಲ ಇತ್ತೋ ಇಲ್ಲವೋ ನೋಡಿದಿರಾ?” ಎಂದು ಮನೆಯಾಕೆ ಕೇಳಿದಳು. ನೋಡಿರಲಿಲ್ಲ. ವಿದ್ಯಾರ್ಥಿಯೊಬ್ಬನು ಅನುಸ್ವಾರವೊಂದನ್ನು ಬಿಟ್ಟರೆ ನಿರ್ದಯವಾಗಿ ಅಂಕ ಕಳೆಯುವ ಪಂಡಿತ ನಾನು! ನನ್ನ ಮತವು ಎಣಿಕೆಗೆ ಸೇರಿತೋ, ಆ 177ರಲ್ಲಿ ಬಿದ್ದಿತೋ, ಬಲ್ಲವರಾರು?

2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಆರ್. ಧ್ರುವನಾರಾಯಣರೆದುರು ಒಂದೇ ಒಂದು ಮತದಿಂದ ಸೋತದ್ದನ್ನು ತರಗತಿಯಲ್ಲಿ ಕಥೆಯಂತೆ ಹೇಳಿ ನಗಿಸುತ್ತಿದ್ದೆ. ಈಗ ಹೇಳಲು ನಾಲಗೆ ಏಳದು.

ಮರುವರ್ಷ, 2024ರಲ್ಲಿ, ಲೋಕಸಭೆಗೆ ಅದೇ ಸೌಮ್ಯಾ ರೆಡ್ಡಿಯವರು ಬೆಂಗಳೂರು ದಕ್ಷಿಣದಿಂದ ನಿಂತರು. 1991ರಿಂದ ಬಿ.ಜೆ.ಪಿ.ಯ ಕೈಬಿಡದ ಕ್ಷೇತ್ರವದು. ತೇಜಸ್ವಿ ಸೂರ್ಯ ಅವರ ಗೆಲುವಿನ ಅಂತರ 2,77,083. ಅಂಚೆಯ ಲಕೋಟೆಗಳ ಗೊಡವೆಯನ್ನು ನಮ್ಮ ಬೀದಿಯಲ್ಲಿ ಯಾರೂ ಎತ್ತಲಿಲ್ಲ. ಸಹಿಯಿಲ್ಲದ ಪತ್ರಗಳು ಆ ಸಲವೂ ಇದ್ದಿರಬೇಕಲ್ಲ! ಗೆದ್ದವರಿಗೆ ಅವು ಬೇಕಾಗಿರಲಿಲ್ಲ, ಸೋತವರಿಗೆ ಉಪಯೋಗವಿರಲಿಲ್ಲ. ಬರೆದವನೊಬ್ಬನಿಗೆ ಮಾತ್ರ ಅವು ಮತಗಳಾಗಿದ್ದುವು.

ಆ ಸಲವೂ ನನಗೆ ಅಂಚೆ ಮತವೇ ಬಂದಿತು. ಘೋಷಣಾಪತ್ರವನ್ನು ಮೂರು ಬಾರಿ ಓದಿ, ಅಧಿಕಾರಿಯ ಸಹಿಯನ್ನೂ ಮೊಹರನ್ನೂ ಬೆಳಕಿಗೆ ಹಿಡಿದು ನೋಡುತ್ತ ನಿಂತೆ. ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಏನು ಮೇಷ್ಟ್ರೇ, ಪರೀಕ್ಷೆ ಬರೀತಿದ್ದೀರೇನು?”